ರೇಷನ್ ಸಾಲಿನಲ್ಲಿ ನಿಂತ ಅರ್ಥಶಾಸ್ತ್ರ

ಓದಿದವರು ಮುಂಬಯಿ ಚಾಳುಗಳ ಒಂಟಿ ಕೋಣೆಯ ಬಡವರಿಗೆ ಉಪಕಾರ ಮಾಡಲು ಹೊರಟಾಗಲೆಲ್ಲ ಇಂಥದ್ದೊಂದು ನಡೆದೇ ನಡೆಯುತ್ತದೆ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಅಲ್ಲಿಯ ಗೋರೆಗಾಂವ್‌ನ ಕನ್ನಡ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಮಾಟುಂಗದಲ್ಲಿ ಬೆಳೆದ ಮಂಗಳೂರು ಕಡೆಯ ತರುಣನೊಬ್ಬ ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದ. "ದೇಶಕ್ಕೆ ಉಪಯೋಗವಾಗುವಂಥದ್ದು ಬರೆದು ತಾ, ಇಲ್ಲದಿದ್ದರೆ ಸಹಿ ಹಾಕುವುದಿಲ್ಲ" ಎಂದಿದ್ದರಂತೆ ಅವನ ಪ್ರೊಫೆಸರರು. ಕೂಲಿಯವರಿಗೆ ರೇಷನ್ ಹೇಗೆ ಸಿಗುತ್ತದೆ ಎಂಬುದು ವಿಷಯ. ಶಾಲೆಯ ಹಿಂದಿನ ಚಾಳಿನಲ್ಲಿ ಬಿಜಾಪುರ ಕಡೆಯ ಕಟ್ಟಡ ಕೆಲಸದವರಿದ್ದರು. ಜೊತೆಗೆ ಬನ್ನಿ ಎಂದು ನನ್ನನ್ನು ಕೇಳಿದ. ಆ ವರ್ಷ ನನ್ನ ಹೆಂಡತಿ ತೀರಿಕೊಂಡಿದ್ದಳು. ರಜೆಯಲ್ಲಿ ಮನೆಯ ಗೋಡೆ ನೋಡುತ್ತ ಕೂರುವುದಕ್ಕಿಂತ ವಾಸಿ ಎಂದು ಒಪ್ಪಿದೆ.

ಮೊದಲ ಮನೆ

ತರುಣ ಇಸ್ತ್ರಿ ಅಂಗಿ, ಟೈ ಹಾಕಿಕೊಂಡು ಬಂದ. ಒಳಗೆ ಒಬ್ಬ ಅಜ್ಜಿ. ಮನೆಯಲ್ಲಿ ಎಷ್ಟು ಜನ, ಯಾರು ದುಡಿಯುತ್ತಾರೆ, ಊರಲ್ಲಿ ಹೊಲ ಇದೆಯೇ ಎಂದು ಕೇಳಿದ. ಅಜ್ಜಿ ಉತ್ಸಾಹದಿಂದ ಉತ್ತರಿಸಿ, "ನಿಮ್ಮ ತಂದಿ ಏನ್ ಮಾಡ್ತಾರ? ಅಣ್ಣತಮ್ಮರ ಎಷ್ಟ ಮಂದಿ?" ಎಂದು ತಿರುಗಿ ಕೇಳಿದಳು. ಇವನೂ ಪ್ರಾಮಾಣಿಕವಾಗಿ ಹೇಳಿದ. ಸ್ವಲ್ಪ ಹೊತ್ತಿಗೆ ಮೊಮ್ಮಗಳು ಹೊಸ ಸೀರೆಯುಟ್ಟು ಅವಲಕ್ಕಿ ತಟ್ಟೆ ಹಿಡಿದು ಬಂದು, ತಲೆ ತಗ್ಗಿಸಿ ಕುಳಿತಳು. ಬಾಗಿಲಲ್ಲಿ ಚಾಳಿನ ಹೆಂಗಸರೆಲ್ಲ ಸೇರಿದರು.

"ಏನ್ ಕೇಳೂದೈತಿ ಹುಡುಗೀನ್ನ ಕೇಳ್ರಿ" ಎಂದಳು ಅಜ್ಜಿ.

ಅವನು ಮುಂದಿನ ಪ್ರಶ್ನೆ ಓದಿದ: "ನೀವು ತಿಂಗಳಿಗೆ ಎಷ್ಟು ಕಿಲೋ ಗೋಧಿ ತಿನ್ನುತ್ತೀರಿ?"

ಹುಡುಗಿ ಎದ್ದು ಒಳಗೆ ಹೋದಳು. ಅಜ್ಜಿ ನನ್ನ ಕಡೆ ತಿರುಗಿ, "ಮಾಸ್ತರ್ರ, ಈ ವರ ನಮಗ ಬ್ಯಾಡ. ಇನ್ನೂ ತಲಿ ಮ್ಯಾಲ ಅಕ್ಕಿಕಾಳ ಬಿದ್ದಿಲ್ಲ, ಆಗಲೇ ತಿನ್ನೂದರ ಲೆಕ್ಕ ಕೇಳಾಕ್ಹತ್ತ್ಯಾನ!" ಎಂದಳು.

ಎರಡು ಗೆರೆ

ತಪ್ಪು ತಿಳಿವಳಿಕೆ ಸರಿಹೋದ ಮೇಲೆ ಅಜ್ಜಿಯೇ ಅವನಿಗೆ ಎಲ್ಲವನ್ನೂ ಹೇಳಿದಳು. ರೇಷನ್ ಅಂಗಡಿಯವನು ಮನಸ್ಸು ಬಂದಾಗ ಷಟರ್ ಎತ್ತುತ್ತಿದ್ದ. ಕಾಯುತ್ತ ನಿಂತರೆ ಅಂದಿನ ಕೆಲಸ ಹೋಯಿತು. ಕೆಲಸಕ್ಕೆ ಹೋದರೆ ಧಾನ್ಯ ಹೋಯಿತು.

ಅವನು ನನ್ನ ಶಾಲೆಯ ಬೋರ್ಡಿನ ಮೇಲೆ ಎರಡು ಗೆರೆ ಎಳೆದು, ಬೇಡಿಕೆ ಮತ್ತು ಪೂರೈಕೆಯನ್ನು ಹೆಂಗಸರಿಗೆ ವಿವರಿಸಿದ.

"ಎರಡೂ ಗೆರಿ ಕೂಡೂ ಜಾಗಾದಾಗ ಏನೈತ್ರಿ?" ಅಜ್ಜಿ ಕೇಳಿದಳು.

"ಅಲ್ಲಿ ಬೇಕಾದವರಿಗೆಲ್ಲ ಧಾನ್ಯ ಸಿಗುತ್ತದೆ, ಅಜ್ಜಿ."

"ಆ ಜಾಗಾ ಎಲ್ಲೈತಿ ಹೇಳ್ರಿ. ಕಾಂದಿವಲಿ ಆದ್ರೂ ನಡಕೊಂತ ಹೋಗ್ತೀವಿ."

ಚಹಾ ಬೇಡವೆಂದವನು

ಷಟರ್ ಯಾವಾಗ ಏಳುತ್ತದೆ ಎಂದು ಸ್ವತಃ ನೋಡಲು ಅವನು ಬೆಳಿಗ್ಗೆಯೇ ಅಂಗಡಿಯ ಎದುರು ಗಡಿಯಾರ, ಪೆನ್ನು ಹಿಡಿದು ನಿಂತ. ಅಂಗಡಿಯವನು ಇವನನ್ನು ಸರಕಾರಿ ಇನ್‌ಸ್ಪೆಕ್ಟರ್ ಎಂದುಕೊಂಡು ಕುರ್ಚಿ ಹಾಕಿ, ಸ್ಪೆಷಲ್ ಚಹಾ ತರಿಸಿದ. ಸಂಶೋಧನೆ ಕೆಡುತ್ತದೆ ಎಂದು ಇವನು ಮುಟ್ಟಲಿಲ್ಲ. ಚಹಾ ಬೇಡವೆನ್ನುವ ಇನ್‌ಸ್ಪೆಕ್ಟರನನ್ನು ಅಂಗಡಿಯವನು ಕಂಡೇ ಇರಲಿಲ್ಲ.

ಮರುದಿನದಿಂದ ಷಟರ್ ಹೊತ್ತಿಗೆ ಸರಿಯಾಗಿ ಏಳತೊಡಗಿತು. ಅಕ್ಕಿಯೊಳಗಿನ ಕಲ್ಲು ಮಾಯವಾಯಿತು. ಹೆಂಗಸರು ಚೀಲ ತುಂಬಿಸಿ ಮನೆಯಲ್ಲಿಟ್ಟು, ನಗುತ್ತ ಕೆಲಸಕ್ಕೆ ಹೋದರು. ದಿನವೂ ಅಂಗಡಿಯ ಎದುರು ನಿಲ್ಲುತ್ತಿದ್ದ ಇವನೊಬ್ಬನೇ ತಲೆಯ ಮೇಲೆ ಕೈ ಹೊತ್ತು ಕುಳಿತ.

"ಸಮಸ್ಯೆಯೇ ಇಲ್ಲ ಮಾರಾಯ್ರೆ! ಏನಂತ ಬರೆಯಲಿ ಮಾಸ್ಟ್ರೇ?"

ಒಂದು ದಿನ ಜ್ವರವೆಂದು ಅವನು ಬರಲಿಲ್ಲ. ಮಧ್ಯಾಹ್ನದವರೆಗೂ ಷಟರ್ ಏಳಲಿಲ್ಲ. ಅದನ್ನು ಕೇಳಿ ಅವನ ಜ್ವರವೇ ಇಳಿಯಿತು. ಯಾರಾದರೂ ನೋಡುತ್ತ ನಿಂತರೆ ಮಾತ್ರ ಅಂಗಡಿ ತೆರೆಯುತ್ತದೆ ಎಂದು ಪ್ರಬಂಧ ಬರೆದ. ಪ್ರೊಫೆಸರರು ಸಹಿ ಹಾಕಿದರು, ಪ್ರಬಂಧವನ್ನು ದಿಲ್ಲಿಗೂ ಕಳಿಸುತ್ತೇನೆಂದರು.

ಅವನು ಪೇಢೆ ಹಿಡಿದುಕೊಂಡು ಚಾಳಿಗೆ ಬಂದ. "ಅಜ್ಜಿ, ನನ್ನ ಕೆಲಸ ಮುಗಿಯಿತು. ಪರೀಕ್ಷೆಯೊಂದು ಪಾಸಾದರೆ ಡಾಕ್ಟರ್ ಆಗುತ್ತೇನೆ. ನಾಳೆಯಿಂದ ಅಂಗಡಿಗೆ ಬರುವುದಿಲ್ಲ."

ಹೆಂಗಸರೆಲ್ಲ ಪೇಢೆ ಕೈಯಲ್ಲೇ ಹಿಡಿದು ಒಬ್ಬರ ಮುಖ ಒಬ್ಬರು ನೋಡಿದರು. ಅಜ್ಜಿ ಮುಂದೆ ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ನನ್ನಪ್ಪಾ, ನೀ ಭಾಳ ಶಾಣ್ಯಾ ಅದಿ. ನಮ್ಮ ಸಲುವಾಗಿ ಇನ್ನೊಂದೆರಡ ವರ್ಷ ನಪಾಸಾಗು."