ರಸ್ಮಾನನನ್ನು ಕರೆದವರು

ಮರಳು ನಡೆದು ಬಂದು ಪಾ ಸಲ್ಮಿಯ ಗುಡಿಸಲಿಗೆ ಗಂಟುಬಿದ್ದಿತ್ತು. ಊರಂಚಿನ ಅವನ ತೆಂಗಿನ ತಿಟ್ಟಿಗೂ ನಮ್ಮ ಕೋಕೋಸ್ ದ್ವೀಪದವರು ಸತ್ತವರನ್ನು ಹೂಳುವ ಗೋರಿತಿಟ್ಟಿಗೂ ನಡುವೆ ಮೊದಲು ಎದೆಮಟ್ಟ ನೀರಿತ್ತು. ಈಗ ಇಳಿತದ ಹೊತ್ತಿನಲ್ಲಿ ಚಪ್ಪಲಿ ನೆನೆಯದೆ ದಾಟಬಹುದು. ಹವಳದ ಮೇಲಿನ ನೆಲ ನಮ್ಮನ್ನು ಕೇಳಿ ಜರುಗುವುದಿಲ್ಲ.

ಅದಕ್ಕೇ ಇವತ್ತು ಅಳತೆ ಸಾಹೇಬರು ಬರುವವರಿದ್ದರು. ಒಡೆಯ ಎದುರು ನಿಂತು ‘ಇದು ನನ್ನದು’ ಎನ್ನದಿದ್ದರೆ ಗುಡಿಸಲಿನ ಜಾಗ ಗೋರಿತಿಟ್ಟಿಗೆ ಸೇರಿಹೋಗುತ್ತದೆ. ಪಾ ಸಲ್ಮಿಗೆ ಪ್ರಪಂಚದಲ್ಲಿ ನೆಮ್ಮದಿಯ ನಿದ್ದೆ ಬರುತ್ತಿದ್ದುದು ಅದೊಂದೇ ಜಾಗದಲ್ಲಿ. ಬೆಳಿಗ್ಗೆಯೇ ಚಹಾ, ಹುರಿದ ಮೀನು ಕಟ್ಟಿಕೊಂಡು ಊರಿನ ಮನೆಯಿಂದ ಗುಡಿಸಲಿಗೆ ಹೊರಟ.

ಪಕ್ಕದ ಮನೆಯ ಮಾ ಇದ್ರಿಸ್ ಅಡ್ಡ ಬಂದಳು. "ಹುಷಾರು ತಮ್ಮಾ. ಗೋರಿ ಕಡೆಯೋರು ಈಗ ನಡ್ಕೊಂಡೇ ಬರ್ಬೋದು."

"ಬಂದ್ರೆ ಚಹಾ ಕೊಡ್ತೀನಿ ಬಿಡಕ್ಕ."

"ನಗಬೇಡ. ಹೆಸರು ಹಿಡಿದು ಕರೆದ್ರೆ ಮಾತ್ರ ಓಗೊಡಬೇಡ. ಓಗೊಟ್ರೆ ಹೋಗ್ಲೇಬೇಕು."

"ನನ್ನ ಹೆಸ್ರು ಯಾರಿಗೆ ನೆನಪಿದೆ?"

ನಿಜವೇ. ನಮ್ಮಲ್ಲಿ ಮೊದಲ ಮಗು ಹುಟ್ಟಿದ ದಿನ ಅಪ್ಪ, ಅಮ್ಮನ ಹೆಸರು ಮೂಲೆ ಸೇರುತ್ತದೆ. ಸಲ್ಮಿ ಹುಟ್ಟಿ ನಲವತ್ತು ವರ್ಷ. ಅಂದಿನಿಂದ ಅವನು ಎಲ್ಲರಿಗೂ ಸಲ್ಮಿಯ ಅಪ್ಪ, ಪಾ ಸಲ್ಮಿ. ಅವನನ್ನು ರಸ್ಮಾನ್ ಎಂದು ಕರೆಯುತ್ತಿದ್ದವಳು ಅವನ ತಾಯಿ ಒಬ್ಬಳೇ. ಅವಳು ಗೋರಿತಿಟ್ಟಿನಲ್ಲಿದ್ದಾಳೆ.

ಮಧ್ಯಾಹ್ನ ಮಳೆ ಕವಿಯಿತು. ಸಮುದ್ರ ಯಾವುದು, ಆಕಾಶ ಯಾವುದು ತಿಳಿಯಲಿಲ್ಲ. ಏಡಿಗಳೆಲ್ಲ ಬಿಲ ಸೇರಿ ತೀರ ಸುಮ್ಮನಾಯಿತು. ಆಗ ಗೋರಿತಿಟ್ಟಿನ ಕಡೆಯಿಂದ ಯಾರೋ ಕರೆದರು; ಮಳೆಯಲ್ಲಿ ದನಿ ಗಂಡೋ ಹೆಣ್ಣೋ ತಿಳಿಯಲಿಲ್ಲ.

"ರಸ್ಮಾನ್..."

ಪಾ ಸಲ್ಮಿ ಚಹಾದ ಲೋಟ ಕೆಳಗಿಟ್ಟ.

"ರಸ್ಮಾನ್..." ಈ ಸಲ ಹತ್ತಿರದಿಂದ.

"ಈಗ ಬೇಡಮ್ಮ," ಅವನು ಪಿಸುಗುಟ್ಟಿದ. "ಅಳತೆ ಮುಗೀಲಿ, ನಾನೇ ಬಂದು ನೋಡ್ತೀನಿ."

"ಸಾಮಿರನ ಮಗ ರಸ್ಮಾನ್..."

ಅಪ್ಪನ ಹೆಸರೂ ಬಂತು. ಪಾ ಸಲ್ಮಿ ಗುಡಿಸಲ ಪಕ್ಕ ಬೋರಲು ಹಾಕಿದ್ದ ದೋಣಿಯಡಿ ತೂರಿಕೊಂಡ. ಬಾಯಿತಪ್ಪಿ ‘ಆಂ’ ಎಂದುಬಿಟ್ಟರೆ ಎಂಬ ಭಯಕ್ಕೆ ಇಡೀ ಮೀನನ್ನು ಬಾಯಿಗೆ ತುರುಕಿಕೊಂಡ. ಒದ್ದೆ ಹೆಜ್ಜೆಗಳು ಬಂದವು, ಗುಡಿಸಲ ಮುಂದೆ ನಿಂತವು. ಟಕ್, ಟಕ್, ಟಕ್ ಎಂದು ಏನೋ ಬಡಿದ ಸದ್ದು. ಆಮೇಲೆ ಮಳೆಯೊಂದೇ.

ಮಳೆ ನಿಂತ ಮೇಲೆ, ಬದುಕಿದೆಯಾ ಬಡಜೀವವೇ ಎಂದು ಅವನು ಊರ ದಂಡೆಗೆ ಓಡಿದ. ಸಾಹೇಬರು ದೋಣಿ ಹತ್ತುತ್ತಿದ್ದರು.

"ಸಾಹೇಬ್ರೆ, ಬೆಳಗ್ಗಿಂದ ಕಾಯ್ತಿದ್ದೆ. ನೀವು ಬರ್ಲೇ ಇಲ್ಲ."

"ಬಂದಿದ್ದೆನಲ್ಲ. ನಿಯಮದ ಪ್ರಕಾರ ರಸ್ಮಾನ್ ಅಂತ ಮೂರು ಸಲ ಕೂಗ್ದೆ. ಯಾರೂ ಓಗೊಡಲಿಲ್ಲ."

"ರಸ್ಮಾನ್ ನಾನೇ."

ಸಾಹೇಬರು ದಂಡೆಯಲ್ಲಿ ನಿಂತಿದ್ದ ಮಾ ಇದ್ರಿಸ್ ಕಡೆ ತಿರುಗಿದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ರಸ್ಮಾನ್ ಎಲ್ಲಿ ಅಂತ ಕೇಳಿದ್ರು. ಬದುಕಿರೋರಲ್ಲಿ ಆ ಹೆಸರಿನೋರು ಯಾರೂ ಇಲ್ಲ, ಗೋರಿ ಕಡೆ ನೋಡಿ ಅಂದೆ. ನಂಗೇನು ಗೊತ್ತು ತಮ್ಮಾ?"

"ಅಲ್ಲೆಲ್ಲ ಹುಡುಕ್ದೆ, ಗೋರಿ ಸಿಗ್ಲಿಲ್ಲ," ಎಂದರು ಸಾಹೇಬರು. "ಪಾಪ, ಸತ್ತವರಿಗೆ ಅನ್ಯಾಯ ಆಗಬಾರದು ಅಂತ ಗುಡಿಸಲಿನ ಜಾಗಾನೇ ಅವರ ಗೋರಿಗೆ ಬರೆದೆ. ಮೊಹರೂ ಬಿತ್ತು. ಮುಂದಿನ ಅಳತೆ ಹತ್ತು ವರ್ಷಕ್ಕೆ."

ಪಾ ಸಲ್ಮಿ ಗುಡಿಸಲಿಗೆ ವಾಪಸು ಓಡಿದ. ಬಾಗಿಲ ಮುಂದೆ ಹೊಸ ಬಿಳಿ ಗೂಟ: ‘ರಸ್ಮಾನ್, ಸಾಮಿರನ ಮಗ.’ ಅವನು ಗೂಟ ಹಿಡಿದು ಅಳತೊಡಗಿದ.

ಏದುಸಿರು ಬಿಡುತ್ತ ಹಿಂದೆಯೇ ಬಂದ ಮಾ ಇದ್ರಿಸ್ ಭುಜ ತಟ್ಟಿದಳು. "ಅಳಬೇಡ. ಜಾಗ ನಿನ್ನ ಹೆಸರಲ್ಲೇ ಇದೆಯಲ್ಲ. ನಿಧಾನಕ್ಕೆ ಬಂದು ಮಲ್ಕೋ, ಅವಸರ ಏನಿಲ್ಲ."