ಶನಿವಾರದ ಬ್ರೇಕನ್ನು ಸೋಮವಾರವೇ ಬಲ್ಲವರಿಗೆ

ಯಂತ್ರೋಪಕರಣಗಳ ವ್ಯವಸ್ಥಾಪಕರಾದ ಮಾನ್ಯರೇ,

ತಮಗೂ, ತಮ್ಮ ತಂಪು ಕೋಣೆಗೂ, ಆ ಕೋಣೆಯ ಕಿಟಕಿಗೆ ತಾವು ಹಾಕಿಸಿರುವ ದಪ್ಪ ಪರದೆಗೂ ಕಟ್ಟುತ್ತಿರುವ ಈ ಕಟ್ಟಡದ ಹನ್ನೊಂದು ಯಂತ್ರಗಳ ಪರವಾಗಿ ನನ್ನ ನಮಸ್ಕಾರಗಳು. ಆ ಯಂತ್ರಗಳ ತಪಾಸಣಾ ಹಾಳೆ ತುಂಬಲು ತಾವು ನೇಮಿಸಿಕೊಂಡವನು ನಾನು. ಒಂದು ಕಡೆ ಕೂರಲಾಗದೆ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನಿಗೆ, ಬೆಳಗ್ಗೆ ಯಂತ್ರದಿಂದ ಯಂತ್ರಕ್ಕೆ ಓಡಾಡಿ, ಬಗ್ಗಿ ನೋಡಿ, ಮುಟ್ಟಿ ನೋಡಿ, ಕಂಡದ್ದನ್ನು ಬರೆಯುವುದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು ಎಂದು ನಂಬಿದ್ದೆ.

ಅಷ್ಟರಲ್ಲಿ ತಾವು ಸಮಯ ಉಳಿಸುವ ಸಲುವಾಗಿ, ಇಡೀ ವಾರದ ಹಾಳೆಗಳನ್ನು ಸೋಮವಾರ ಬೆಳಗ್ಗೆಯೇ ತುಂಬಿಡಬೇಕೆಂದು ಆದೇಶ ಹೊರಡಿಸಿದಿರಿ. ಶನಿವಾರ ಸೋರಲಿರುವ ಎಣ್ಣೆ ಸೋರುವುದಿಲ್ಲವೆಂದು ಸೋಮವಾರವೇ ಬಲ್ಲವರ ಕೈಕೆಳಗೆ ದುಡಿಯುವ ಭಾಗ್ಯ ಎಷ್ಟು ಜನಕ್ಕುಂಟು? ಮಣ್ಣು ಅಗೆಯುವ ಯಂತ್ರವನ್ನು ಕಳೆದ ತಿಂಗಳು ಒಂದು ಮಂಗಳವಾರ ಲಾರಿಯ ಮೇಲೆ ಹೇರಿ ಗ್ಯಾರೇಜಿಗೆ ಕಳಿಸಿದೆವು. ಅಲ್ಲಿ ಅದರ ಎಂಜಿನ್ ಬಿಚ್ಚಿ ಬೆಂಚಿನ ಮೇಲೆ ಇಟ್ಟಿದ್ದರೂ, ನಮ್ಮ ಹಾಳೆಯ ಪ್ರಕಾರ ಅದು ಬುಧವಾರವೂ ಗುರುವಾರವೂ ಇಲ್ಲಿ ತಲಾ ಎಂಟು ಗಂಟೆ ಅಗೆದಿದೆ, ಹಾರನ್ ಕೂಡ ಚೆನ್ನಾಗಿ ಹೊಡೆದಿದೆ. ಇಂಥ ನಿಯತ್ತಿನ ಯಂತ್ರಕ್ಕೆ ತಾವು ಒಂದು ಪ್ರಶಂಸಾಪತ್ರವನ್ನಾದರೂ ಕೊಡಬೇಕಿತ್ತು.

ನಾನು ಅನುಮಾನ ಎತ್ತಿದಾಗ ಮೇಸ್ತ್ರಿಗಳು, "ಹಳೇ ಹಾಳೆ ನೋಡ್ಕೊಂಡು ಹೊಸ ಹಾಳೆ ತುಂಬಪ್ಪ. ಯಂತ್ರ ನೋಡ್ತಾ ನಿಂತ್ರೆ ಕೆಲಸ ಯಾವಾಗ ಆಗತ್ತೆ?" ಎಂದರು. ನಾನೂ ತುಂಬಿದೆ. ಐದು ವಾರ ತುಂಬಿದೆ. ಈ ಪತ್ರದಲ್ಲಿ ತಮ್ಮನ್ನು ಇಷ್ಟು ಹೊಗಳಿದ ಮೇಲೆ ನನ್ನನ್ನೂ ಅಷ್ಟು ಹೊಗಳಿಕೊಳ್ಳದಿದ್ದರೆ ಅನ್ಯಾಯವಾಗುತ್ತದೆ.

ನಮ್ಮ ರೋಲರ್ ಓಡಿಸುವವಳು ನನ್ನ ಸ್ವಂತ ಅಕ್ಕ ಎಂಬುದು ತಮಗೆ ಗೊತ್ತಿರಲಿಕ್ಕಿಲ್ಲ. ಹಾಳೆಯಲ್ಲಿ ಸಂಬಂಧ ಬರೆಯಲು ಜಾಗವಿಲ್ಲ. ಬ್ರೇಕ್ ಹಿಡಿಯುತ್ತಿಲ್ಲವೆಂದು ಅವಳು ಮೂರು ಸಲ ಹೇಳಿದಳು, ಪ್ರತಿ ಸಲವೂ ತಮ್ಮ ಕಚೇರಿ ಹಾಳೆ ತೆಗೆದು ನೋಡಿ ಬ್ರೇಕ್ ಸರಿಯಿದೆ ಎಂದು ಅವಳಿಗೆ ಧೈರ್ಯ ಹೇಳಿತು. ಮೊನ್ನೆ ಬುಧವಾರ, ನೆಲಮಾಳಿಗೆಗೆ ಇಳಿಯುವ ಇಳಿಜಾರಿನಲ್ಲಿ, ಹತ್ತು ಟನ್ನಿನ ಆ ರೋಲರ್ ಬ್ರೇಕ್ ಒತ್ತಿದ ಮೇಲೂ ಕೆಳಗೆ ಜಾರಿತು. ತಳದಲ್ಲಿ ಕಂಬಿ ಕಟ್ಟುತ್ತಿದ್ದ ನಾಲ್ವರು ಕೈಲಿದ್ದದ್ದನ್ನು ಬಿಸಾಡಿ ಓಡಿದರು. ಅಕ್ಕ ಗಾಡಿಯನ್ನು ಪಕ್ಕದ ಮಣ್ಣಿನ ಗುಡ್ಡೆಗೆ ನುಗ್ಗಿಸಿ ನಿಲ್ಲಿಸಿದ್ದರಿಂದ ಯಾರ ಕೂದಲೂ ಕೊಂಕಲಿಲ್ಲ. ಇಳಿದು ಬಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಕೈಬರಹ ಮುತ್ತಿನ ಹಾಗಿದೆ ಕಣೋ. ಆದ್ರೆ ಚಕ್ರಕ್ಕೆ ಅಡ್ಡ ಇಟ್ರೆ ಗಾಡಿ ನಿಲ್ಲಲ್ಲ" ಎಂದಳು.

ಗುರುವಾರ ತಮ್ಮ ನೋಟಿಸು ಬಂತು. ಬುಧವಾರದ ಹಾಳೆಯಲ್ಲಿ ಬ್ರೇಕ್ ಸರಿಯಿದೆ ಎಂದು ಸ್ಪಷ್ಟವಾಗಿ ನಮೂದಾಗಿರುವುದರಿಂದ ಇದು ಚಾಲಕಿಯ ಅಜಾಗರೂಕತೆಯೇ ಹೊರತು ಬೇರೇನಲ್ಲ, ಕೆಲಸದಿಂದ ಏಕೆ ತೆಗೆಯಬಾರದು, ಶನಿವಾರದೊಳಗೆ ಉತ್ತರಿಸಿ, ಅಲ್ಲಿಯವರೆಗೆ ಅದೇ ಇಳಿಜಾರಿನ ಕೆಲಸ ಮುಂದುವರಿಸಿ, ಎಂದಿತ್ತು. ಅಕ್ಕನ ವಿರುದ್ಧ ಇರುವ ಒಂದೇ ಒಂದು ಸಾಕ್ಷಿ ನನ್ನ ಕೈಬರಹ. ಆ ಸಾಕ್ಷಿ ಬ್ರೇಕನ್ನು ನೋಡಿರಲಿಲ್ಲ ಎಂದು ಸಾಕ್ಷಿಯೇ ಈ ಮೂಲಕ ಬಹಿರಂಗವಾಗಿ ತಿಳಿಸುತ್ತಿದ್ದಾನೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳು. ಜಾರುವಾಗ ಹಾಳೆಯನ್ನೊಮ್ಮೆ ಓದಿಕೊಂಡು ಜಾರಬೇಕೆಂದು ರೋಲರಿಗೂ ಒಂದು ನೋಟಿಸು ಕಳಿಸಬೇಕು. ಕಂಬಿ ಕಟ್ಟುವವರು ಯಾವ ದಿನ ಎಷ್ಟು ಗಂಟೆಗೆ ಓಡಬೇಕೆಂಬುದನ್ನೂ ಸೋಮವಾರವೇ ಬರೆದು ಗೋಡೆಗೆ ಅಂಟಿಸಬೇಕು. ಪಾಪ, ಅವರೂ ಸಮಯ ಉಳಿಸಲಿ. ಇಷ್ಟು ಸಾಧ್ಯವಾಗದಿದ್ದರೆ ಅಕ್ಕನ ನೋಟಿಸು ಹಿಂದಕ್ಕೆ ಪಡೆದು, ಮೆಕ್ಯಾನಿಕ್ಕನ್ನು ಕರೆಸಿ ಬ್ರೇಕ್ ಬಿಚ್ಚಿಸಿ ನೋಡಬೇಕು. ಇದು ಕೊಂಚ ಹಳೆಯ ಪದ್ಧತಿ ಎಂದು ಬಲ್ಲೆ.

ನಾನು ರೋಲರಿನ ಹಾಳೆಗಳ ಮೇಲೆ ಅಡ್ಡಗೆರೆ ಎಳೆದು, ಬ್ರೇಕ್ ಇಲ್ಲ ಎಂದು ಬರೆದು, ಇವತ್ತಿನ ತಾರೀಖಿನೊಂದಿಗೆ ಸಹಿ ಹಾಕಿದ್ದೇನೆ. ಈ ಪತ್ರದ ಒಂದು ಪ್ರತಿ ತಮ್ಮ ಬಾಗಿಲಿಗೆ, ಇನ್ನೊಂದು ಎಲ್ಲರೂ ಹಾಜರಿ ಹಾಕುವ ಜಾಗಕ್ಕೆ. ನನ್ನನ್ನು ತೆಗೆಯುವುದಿದ್ದರೆ ತೆಗೆಯಿರಿ, ಕಾರಣ ಮಾತ್ರ ನಿಜವಾದದ್ದನ್ನೇ ಬರೆಯಿರಿ.

ಐದು ವಾರ ಸುಳ್ಳು ಬರೆದು, ಇವತ್ತು ಶುಕ್ರವಾರ ನಿಲ್ಲಿಸಿದ
ತಮ್ಮ ವಿಶ್ವಾಸಿ,
ಹಾಳೆ ತುಂಬುವವನು

ತಾ.ಕ.: ನಾಳೆ ಅಕ್ಕ ಕೆಲಸಕ್ಕೆ ಬರುತ್ತಾಳೆ, ರೋಲರ್ ಹತ್ತುವುದಿಲ್ಲ. ಬೇರೆ ಯಾವ ಚಾಲಕರಿಗೂ ಕೀಲಿ ಕೊಡುವುದಿಲ್ಲವಂತೆ, ಕೇಳಿದರೆ ತಮ್ಮ ಕೈಗೆ ಮಾತ್ರ ಕೊಡುತ್ತಾಳಂತೆ. ಇಳಿಜಾರಿನ ತಳವನ್ನು ಕಂಬಿ ಕಟ್ಟುವವರು ಬೆಳಗ್ಗೆಯೇ ಖಾಲಿ ಮಾಡಿಕೊಡುತ್ತಾರೆ. ತಮಗೆ ಅನುಕೂಲವಾದ ಹೊತ್ತಿಗೆ ಓಡಿಸಲು ದಯಮಾಡಿಸಿ.