ತತ್ವಶಾಸ್ತ್ರದ ಮಾಸ್ತರಿಗೆ ನೌಕರಿ

ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಕಾಲೇಜಿನ ಕೆಲಸ ಹುಡುಕುವವನಿಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಎರಡು ವರ್ಷ ನನಗೆ ಬರೀ ಇಂಥವೇ ಆದವು.

ಕೋಟಿನ ತೋಳು

ನಮ್ಮೂರು ಹಾನಗಲ್ಲಿನಲ್ಲಿ ಮಾಮಲೇದಾರ ಸಾಹೇಬರು ಓದಿ ಬಿಟ್ಟ ಮುಂಬಯಿ ಪತ್ರಿಕೆ ಸಿಂಪಿಗರ ಅಂಗಡಿಗೆ ಬರುತ್ತಿತ್ತು, ಅಳತೆಯ ಕಾಗದ ಕತ್ತರಿಸಲಿಕ್ಕೆ. ದಿನಾ ಹೋಗಿ 'ಬೇಕಾಗಿದ್ದಾರೆ' ಪುಟ ಹುಡುಕುತ್ತಿದ್ದೆ. ಒಂದು ದಿನ ಸಿಕ್ಕೇಬಿಟ್ಟಿತು: 'ತತ್ವಶಾಸ್ತ್ರದ ಉಪನ್ಯಾಸಕರು ಬೇಕು. ಅರ್ಜಿ ಕಳಿಸಬೇಕಾದ ವಿಳಾಸ...' ಮುಂದೆ ಕಾಗದವೇ ಇಲ್ಲ!

"ಉಳಿದದ್ದು ಎಲ್ಲೈತಿ?"

"ಗೌಡ್ರ ಕೋಟಿಗೆ ತೋಳು ಮಾಡೇನ್ರಿ. ನಿಮಗ ಬಲಗೈ ಬೇಕೋ, ಎಡಗೈಯೋ?"

ಏಕತಾರಿ

ಶಿಗ್ಗಾವಿಯಿಂದ ಸೋದರಮಾವ ಹೇಳಿಕಳಿಸಿದ: "ಇಲ್ಲಿ ತತ್ವ ಬಲ್ಲವರು ಬೇಕಾಗ್ಯಾರ, ಲಗೂನ ಬಾ." ಕರಿ ಕೋಟು ಹಾಕಿಕೊಂಡು, ಸರ್ಟಿಫಿಕೇಟು ಕಟ್ಟಿಕೊಂಡು ಹೋದೆ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರು "ಬರ್ರಿ, ಕುಂಡ್ರಿ" ಅಂದವರೇ ಕೈಗೆ ಏಕತಾರಿ ಕೊಟ್ಟರು. ಅವರ ಭಜನಾ ಮೇಳಕ್ಕೆ ಬೇಕಾಗಿದ್ದವನು ತತ್ವಪದ ಹಾಡುವವ! ಬಂದದ್ದಾಯಿತಲ್ಲ ಅಂತ ಒಂದು ಪದ ಹಾಡಿದೆ. ಒಬ್ಬ ಹಿರಿಯರು ಮೆಲ್ಲಗೆ ಏಕತಾರಿ ವಾಪಸು ತಗೊಂಡು, "ನೀವು ಕಾಲೇಜಿನಾಗ ಹುಡುಕೋದ ಚಲೋರಿ" ಅಂದರು.

ಲಕೋಟೆ

ಸವಣೂರಿನಲ್ಲಿ ಅರ್ಜಿ ಬರೆದುಕೊಡುವ ಮುನಶಿಯೊಬ್ಬರಿದ್ದರು. ಮುತ್ತಿನಂಥ ಅಕ್ಷರ. ನನ್ನ ಅರ್ಜಿಯನ್ನೂ ಅವರೇ ಬರೆದು, ಲಕೋಟೆ ಅಂಟಿಸಿ, ಹಿಂದೆ ನನ್ನ ವಿಳಾಸ ಹಾಕಿ ಒಂದು ಕಾಲೇಜಿಗೆ ಕಳಿಸಿದರು. ಹದಿನೈದು ದಿನಕ್ಕೆ ಉತ್ತರ ಬಂತು: 'ತಮ್ಮ ಎಮ್ಮೆ ನಮ್ಮ ಕಾಲೇಜಿಗೆ ಬಂದಿಲ್ಲ.' ಎಮ್ಮೆ ಕಳಕೊಂಡ ಯಾವನೋ ರೈತನ ಅರ್ಜಿ ನನ್ನ ಲಕೋಟೆ ಸೇರಿತ್ತು. ಓಡಿಹೋಗಿ ಜಗಳಕ್ಕೆ ನಿಂತೆ.

"ಫಿಕೀರ ಮಾಡಬ್ಯಾಡ್ರಿ ಸಾಹೇಬ್ರ," ಅಂದರು ಮುನಶಿ, "ಎಮ್ಮಿ ಸಿಕ್ಕೈತಿ."

ಒಬ್ಬನೇ ವಿದ್ಯಾರ್ಥಿ

ಕೊನೆಗೂ ಒಬ್ಬ ಪ್ರಿನ್ಸಿಪಾಲರು ಕರೆದರು. "ತತ್ವಶಾಸ್ತ್ರಕ್ಕ ಇರಾಂವ ಒಬ್ಬನ ವಿದ್ಯಾರ್ಥಿ. ಕಾಲೇಜು ಬಿಡ್ತೇನಿ ಅಂತ ಹಿರೇಕೆರೂರಿಗೆ ಹೋಗಿ ಕುಂತಾನ. ಅವ ಬಂದ್ರ ನಿಮಗ ನೌಕರಿ, ಇಲ್ಲಾಂದ್ರ ಹುದ್ದೇನ ಇಲ್ಲ."

ಅಂದೇ ಮೋಟಾರು ಹತ್ತಿದೆ. ಆ ಹುಡುಗನ ಮನೆಯ ಪಡಸಾಲೆಯಲ್ಲಿ ಅವನ ತಾಯಿ ಹತ್ತಿ ಬಿಡಿಸುತ್ತಿದ್ದರು. ನನಗೆ ನೀರು ಕೊಟ್ಟು, ಬಂದ ಕಾರಣ ಕೇಳಿಕೊಂಡು, ಅವರೇ ವಿಚಾರಣೆ ಶುರುಮಾಡಿದರು.

"ಈ ವಿದ್ಯಾ ಕಲಿತ್ರ ನೌಕರಿ ಸಿಗತೈತೇನ್ರಿ?"

"ಸಿಗತೈತಿ ಯವ್ವಾ."

"ನೀವು ಎಷ್ಟು ಕಲತೀರಿ?"

"ಎಂ.ಎ. ತನಕ."

"ಮತ್ತ ನಿಮಗ ನೌಕರಿ ಐತೇನು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಿಮ್ಮ ಮಗ ಬಂದ್ರ ಐತ್ರಿ," ಅಂದೆ.

ಆ ತಾಯಿ ಸೆರಗು ಬಾಯಿಗೆ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಒಳಗಿದ್ದ ಮಗನಿಗೆ ಕೂಗಿದರು: "ಏ ತಮ್ಮಾ, ಗಂಟು ಕಟ್ಟೋ! ಈ ಮಾಸ್ತರಿಗೆ ಒಂದು ನೌಕರಿ ಕೊಡಿಸಿ ಬಾ!"